ಸಾರಜನಕದ ಸಾಧಕ ಡಾ. ಗಿಲ್ಬರ್ಟ್ ಫೌಲರ್

ನಮ್ಮ ಸಾಂತಾಕ್ರೂಜಿನ ಪೂರ್ವ ಭಾಗದಲ್ಲಿ ವಾಸಿಸುವ ವಿದ್ಯಾರ್ಥಿಗಳಲ್ಲಿ ವಾಕೋಲಾ ನಾಲಾವನ್ನು ಕಾಣದವರು ಯಾರೂ ಇರಲಾರರು. ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಿಗೆಯಲ್ಲಿ ಕಾಡಿಗೆಯಂತೆ ಕಪ್ಪಾಗಿ, ಕೊನೆಗೆ ಮಿಠಿ ನದಿಯನ್ನು ಸೇರುವ ಆ ನೀರಿನ ಬಳಿಗೆ ಬಂದೊಡನೆ ನಾವೆಲ್ಲರೂ ಮೂಗಿಗೆ ಕರವಸ್ತ್ರವನ್ನು ಹಿಡಿದು ಬೇಗಬೇಗನೆ ಹೆಜ್ಜೆ ಹಾಕುತ್ತೇವೆ. ತುಂಗಭದ್ರೆಯ ಎಡದಂಡೆಯ ಸೀಮೆಯಿಂದ ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದ ಹೊಸತರಲ್ಲಿ ನಮಗೆ ನಾಲಾ ಎಂಬ ಶಬ್ದವೇ ವಿಚಿತ್ರವಾಗಿ ಕೇಳಿಸಿತು. ನಮ್ಮ ಸಿಂಧನೂರು ತಾಲೂಕಿನಲ್ಲಿ ನಾಲೆಯೆಂದರೆ ಬದುಕು. ನಾಲೆಗೆ ನೀರು ಬಿಟ್ಟ ದಿನ ಊರಿಗೆಲ್ಲ ಹಬ್ಬ. ಇಲ್ಲಿಯಾದರೋ ಅದೇ ಶಬ್ದವು ಹೊಲಸಿನ ಹೆಸರಾಗಿದೆ. ಒಂದೇ ನೀರು ಒಂದೆಡೆ ಗಂಗೆ, ಇನ್ನೊಂದೆಡೆ ಹೇಸಿಗೆ. ಇದು ಹೇಗೆ ಆಗುತ್ತದೆಯೆಂದು ನಾವು ಬಹುಕಾಲ ಯೋಚಿಸಿರಲಿಲ್ಲ.

ಒಮ್ಮೆ ಎಂಟನೆಯ ತರಗತಿಯಲ್ಲಿ ಶುಚಿತ್ವದ ಪಾಠವನ್ನು ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, ಇಷ್ಟು ಕೆಟ್ಟ ನೀರು ಮತ್ತೆ ಒಳ್ಳೆಯದಾಗಬಲ್ಲುದೇ ಎಂದು ಕೇಳಿದನು. ನಾವು ಮೆಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿ, ಕಾವ್ಯ ವ್ಯಾಕರಣಗಳನ್ನು ನೆಚ್ಚಿಕೊಂಡು ಬಂದವರು. ಉತ್ತರವನ್ನು ಕೊಡಲಾಗದೆ, ಮುಂದೆ ಹೇಳುವೆವೆಂದು ಆ ಬಾಲಕನನ್ನು ಕೂರಿಸಿದೆವು, ಮನಸ್ಸಿನಲ್ಲಿ ನಾಚಿದೆವು. ಆ ಪ್ರಶ್ನೆಯ ಉತ್ತರವನ್ನು ಅರಸುತ್ತ ಹೋದಾಗ ನಮಗೆ ಎದುರಾದವರು ಡಾ. ಗಿಲ್ಬರ್ಟ್ ಜಾನ್ ಫೌಲರ್ ಎಂಬ ಮಹನೀಯರು. ಕೊಳಚೆ ನೀರಿನ ಶಾಸ್ತ್ರವನ್ನು ಬಲ್ಲವರಲ್ಲಿ ಅವರ ಹೆಸರು ಜಗತ್ತಿನಲ್ಲೆಲ್ಲ ಪ್ರಸಿದ್ಧವಾದುದು. ಅವರು ತಮ್ಮ ಪಕ್ವವಾದ ವಯಸ್ಸಿನ ದುಡಿಮೆಯನ್ನು ನಮ್ಮ ಬೆಂಗಳೂರಿಗೆ ಧಾರೆಯೆರೆದರೆಂಬುದು ಕನ್ನಡಿಗರಲ್ಲಿ ಹಲವರಿಗೆ ತಿಳಿಯದು. ಆದ್ದರಿಂದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಫೌಲರ್ ಅವರು 1868ರಲ್ಲಿ ಜನಿಸಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅವರ ಆರಂಭದ ಸಂಶೋಧನೆಗಳಲ್ಲೊಂದು ಕಬ್ಬಿಣವೂ ಸಾರಜನಕವೂ ಕೂಡಿ ಆಗುವ ಸಂಯುಕ್ತವನ್ನು ಕುರಿತದ್ದು. ಕಾದ ಕಬ್ಬಿಣದ ಮೇಲೆ ಅಮೋನಿಯ ಅನಿಲವನ್ನು ಹಾಯಿಸಿ ಅವರು ಪಡೆದ ಫಲಿತಾಂಶಗಳು 1901ರಲ್ಲಿ ಪ್ರಕಟವಾದವು. ಅಂದು ಕೈಹಿಡಿದ ಸಾರಜನಕವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಕುಲುಮೆಯಲ್ಲಿ ಕಂಡ ವಸ್ತುವನ್ನೇ ಅವರು ಮುಂದೆ ಚರಂಡಿಯಲ್ಲಿ ಕಂಡರು, ಕೆಸರಿನಲ್ಲಿ ಕಂಡರು, ಬೆಂಗಳೂರಿನ ತಿಪ್ಪೆಯಲ್ಲಿ ಕಂಡರು.

ಇಲ್ಲಿ ಸಾರಜನಕದ ವಿಷಯವಾಗಿ ಎರಡು ಮಾತುಗಳನ್ನು ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಆ ರೂಪದಲ್ಲಿ ಅದು ನಮಗಾಗಲಿ ಪೈರಿಗಾಗಲಿ ದಕ್ಕುವುದಿಲ್ಲ. ಸಮುದ್ರದ ನಡುವೆ ಇದ್ದರೂ ಕುಡಿಯಲು ನೀರಿಲ್ಲದ ನಾವಿಕನಂತೆ ಪೈರು ಗಾಳಿಯ ನಡುವೆ ನಿಂತು ಸಾರಜನಕಕ್ಕಾಗಿ ಹಸಿಯುತ್ತದೆ. ಗೊಬ್ಬರದಲ್ಲಿ ಅದು ಅಮೋನಿಯವಾಗಿ, ಬಳಿಕ ನೈಟ್ರೇಟಾಗಿ ದೊರೆತರೆ ಮಾತ್ರ ಬೇರು ಅದನ್ನು ಹೀರುತ್ತದೆ. ನಾವು ಉಣ್ಣುವ ಬೇಳೆ, ಕುಡಿಯುವ ಹಾಲು ಇವುಗಳೊಳಗಿನ ಸಾರಜನಕವು ನಮ್ಮ ದೇಹವನ್ನು ಹೊಕ್ಕು ಕೊನೆಗೆ ಮಲಮೂತ್ರಗಳಲ್ಲಿ ಹೊರಬೀಳುತ್ತದೆ. ಹಳ್ಳಿಯಲ್ಲಿ ಅದು ಮಣ್ಣಿಗೆ ಮರಳುತ್ತಿದ್ದಿತು. ನಗರದಲ್ಲಿ ಚರಂಡಿಯ ಪಾಲಾಯಿತು. ಊಟದ ತಟ್ಟೆಯಲ್ಲಿ ಇದ್ದುದೇ ನಾಲಾದಲ್ಲಿ ಇದೆ. ಸ್ಥಾನ ತಪ್ಪಿದೆ, ಅಷ್ಟೆ.

ಮ್ಯಾಂಚೆಸ್ಟರ್ ಆ ಕಾಲದಲ್ಲಿ ಹತ್ತಿಯ ಗಿರಣಿಗಳ ರಾಜಧಾನಿ. ಪರೇಲ್, ಲಾಲ್‌ಬಾಗ್‌ಗಳ ಹಳೆಯ ಗಿರಣಿಗಳಲ್ಲಿ ದುಡಿದ ಹಿರಿಯರು ಯಾರ ಮನೆಯಲ್ಲಿದ್ದಾರೆಯೋ ಅವರಿಗೆ ಅಂತಹ ನಗರದ ಚಿತ್ರವನ್ನು ನಾವು ವರ್ಣಿಸಬೇಕಾಗಿಲ್ಲ. ಲಕ್ಷಾಂತರ ಜನರ ಹೊಲಸೂ ಕಾರ್ಖಾನೆಗಳ ರೊಚ್ಚೂ ಕೂಡಿ ಇರ್ವೆಲ್ ನದಿ ಸತ್ತಂತಾಗಿದ್ದಿತು. ನಗರದವರು ಡೇವಿಹ್ಯೂಮ್ ಎಂಬಲ್ಲಿ 1894ರಲ್ಲಿ ಕೊಳಚೆ ಶುದ್ಧೀಕರಣದ ಸ್ಥಾವರವನ್ನು ತೆರೆದರು. ಫೌಲರ್ ಅವರು ಈ ಕಾರ್ಯಕ್ಕೆ ಸೇರಿ, ನದಿಗಳ ಸಮಿತಿಗೆ ಸಲಹೆಗಾರ ರಸಾಯನಜ್ಞರಾದರು. ವಿಶ್ವವಿದ್ಯಾನಿಲಯದಲ್ಲಿ ಪಾಠವನ್ನೂ ಹೇಳುತ್ತಿದ್ದರು. ದೊಡ್ಡ ವಿದ್ಯೆಯನ್ನು ಕಲಿತವರು ಚರಂಡಿಯ ಕೆಲಸಕ್ಕೆ ಇಳಿಯುವುದು ಇಂದಿಗೂ ನಮ್ಮಲ್ಲಿ ಅಪರೂಪವೇ. ಜನರು ಮೂಗು ಮುಚ್ಚಿಕೊಂಡು ದೂರ ಸರಿಯುವ ವಸ್ತುವಿನ ಹತ್ತಿರಕ್ಕೆ ಹೋಗಿ, ಅದರೊಳಗೆ ಏನು ನಡೆಯುತ್ತಿದೆಯೆಂದು ನೋಡಿದ್ದೇ ಫೌಲರ್ ಅವರ ಬಾಳಿನ ಮೊದಲನೆಯ ಹಿರಿಮೆ.

ಕೊಳಚೆ ನೀರಿನ ಒಳಗೆ ಏನು ನಡೆಯುತ್ತದೆಂಬ ರಹಸ್ಯವನ್ನು ಅವರಿಗಿಂತ ಮುಂಚೆಯೇ ಕೆಲವರು ಬಿಡಿಸಿದ್ದರು. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬವರು 1877ರಲ್ಲಿ ಕೊಳಚೆ ನೀರನ್ನು ಮರಳಿನ ಮೂಲಕ ನಿಧಾನವಾಗಿ ಬಸಿಯಬಿಟ್ಟು, ಅದರಲ್ಲಿಯ ಅಮೋನಿಯವೆಲ್ಲ ನೈಟ್ರೇಟಾಗುವುದನ್ನು ಕಂಡರು. ಕ್ಲೋರೋಫಾರ್ಮಿನ ಆವಿಯನ್ನು ಹಾಯಿಸಲು ಆ ಕ್ರಿಯೆ ನಿಂತುಹೋಯಿತು. ಪ್ರಜ್ಞೆ ತಪ್ಪಿಸುವ ಔಷಧಿಗೆ ನಿಲ್ಲುವ ಕ್ರಿಯೆಯೆಂದ ಮೇಲೆ ಅದು ಜೀವಿಗಳ ಕೆಲಸವೇ ಆಗಿರಬೇಕೆಂದು ಅವರು ಸಾಧಿಸಿದರು. ರಷ್ಯದಲ್ಲಿ ಹುಟ್ಟಿದ ವಿನೊಗ್ರಾಡ್‌ಸ್ಕಿ ಎಂಬ ಮಹಾಶಾಸ್ತ್ರಜ್ಞರು 1890ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟಾಗಿಸಿದರೆ ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಸುತ್ತವೆ. ಇದಕ್ಕೆ ವಿರುದ್ಧವಾದ ಕೆಲಸವನ್ನು ಮಾಡುವ ಜೀವಿಗಳನ್ನು ಬೋರ್ಡೋ ನಗರದ ಗೇಯೋಂ ಮತ್ತು ಡ್ಯುಪೆಟಿ ಎಂಬವರು 1880ರ ದಶಕದಲ್ಲಿ ಕಂಡಿದ್ದರು. ಗಾಳಿ ಸಿಗದ ಕೆಸರಿನಲ್ಲಿ ಈ ಜೀವಿಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಉಸಿರಾಗಿ ಬಳಸಿಕೊಂಡು, ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಈ ಎರಡನೆಯ ತಂಡವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಕೊನೆಯಲ್ಲಿ ಅವುಗಳಿಂದ ನಮಗೆ ಕೆಲಸವಿದೆ.

ಪ್ರಕೃತಿಯಲ್ಲಿ ಈ ಕೆಲಸ ನಿಧಾನ. ನಗರಕ್ಕೆ ಅಷ್ಟು ಪುರುಸೊತ್ತಿಲ್ಲ. ಕೊಳಚೆ ನೀರನ್ನು ವಿಸ್ತಾರವಾದ ಹೊಲಗಳಿಗೆ ಹಾಯಿಸಲು ಭೂಮಿ ಸಾಲದು. ಕಲ್ಲುಹರಳುಗಳ ಹಾಸಿನ ಮೇಲೆ ಸುರಿಯಲು ಕಾಲ ಸಾಲದು. ಫೌಲರ್ ಅವರು ಮಮ್‌ಫರ್ಡ್ ಎಂಬ ಸಹೋದ್ಯೋಗಿಯೊಡನೆ ಕಲ್ಲಿದ್ದಲ ಗಣಿಯ ನೀರಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯನ್ನು ಪರೀಕ್ಷಿಸಿದರು. ಕಬ್ಬಿಣದ ಲವಣವನ್ನು ಬೆರೆಸಿ, ಗಾಳಿಯನ್ನು ಊದಿದರೆ ಅದು ಕೊಳಚೆಯನ್ನು ತಿಳಿಗೊಳಿಸುತ್ತಿದ್ದಿತು. ಈ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ನೆಲೆಗೊಳ್ಳಲಿಲ್ಲ. ಆದರೂ ಗಾಳಿ ಮತ್ತು ಜೀವಿ ಇವೆರಡರ ಮೇಲೆ ಅವರ ಲಕ್ಷ್ಯ ನೆಟ್ಟಿತು.

1912ರಲ್ಲಿ ನ್ಯೂಯಾರ್ಕ್ ಬಂದರಿನ ನೀರು ಕೆಡುತ್ತಿದ್ದ ವಿಷಯದಲ್ಲಿ ಫೌಲರ್ ಅವರು ಅಮೇರಿಕೆಗೆ ಹೋಗಬೇಕಾಯಿತು. ಆಗ ಮ್ಯಾಸಚುಸೆಟ್ಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನ ಪ್ರಯೋಗ ಕೇಂದ್ರವನ್ನು ಅವರು ಸಂದರ್ಶಿಸಿದರು. 1887ರಲ್ಲಿ ಸ್ಥಾಪಿತವಾದ ಆ ಕೇಂದ್ರ ಇಂತಹ ಸಂಶೋಧನೆಗೆ ಹೆಸರಾದುದು. ಅಲ್ಲಿ ಕ್ಲಾರ್ಕ್ ಮತ್ತು ಗೇಜ್ ಎಂಬವರು ಕೊಳಚೆ ನೀರು ತುಂಬಿದ ಸೀಸೆಯೊಳಕ್ಕೆ ಗಾಳಿಯನ್ನು ಹಾಯಿಸುತ್ತಿದ್ದರು; ಸೀಸೆಯಲ್ಲಿ ಹಸಿರು ಪಾಚಿ ಬೆಳೆದು ನೀರು ತಿಳಿಯಾಗುತ್ತಿದ್ದಿತು. ಅನೇಕರು ನೋಡಿ ಹೋದ ಸೀಸೆಯದು. ಫೌಲರ್ ಅವರು ಮಾತ್ರ ಅದರಲ್ಲಿ ಒಂದು ನಗರಕ್ಕಾಗುವಷ್ಟು ದೊಡ್ಡ ಕೆಲಸದ ಬೀಜವನ್ನು ಕಂಡರು.

ಮ್ಯಾಂಚೆಸ್ಟರಿಗೆ ಮರಳಿದ ಮೇಲೆ ಅವರು ಇದೇ ಪ್ರಯೋಗವನ್ನು ಮಾಡಿನೋಡುವಂತೆ ಡೇವಿಹ್ಯೂಮ್ ಸ್ಥಾವರದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರಿಗೆ ಸೂಚಿಸಿದರು. ಅವರು ಸೀಸೆಗಳಲ್ಲಿ ಕೊಳಚೆ ನೀರನ್ನು ತುಂಬಿ, ಪಾಚಿ ಬೆಳೆಯದಿರಲೆಂದು ಕಂದು ಕಾಗದವನ್ನು ಸುತ್ತಿ ಬೆಳಕನ್ನು ತಡೆದು, ಗಾಳಿಯನ್ನು ಊದಿದರು. ಅಮೋನಿಯವೆಲ್ಲ ನೈಟ್ರೇಟಾಗಿ ನೀರು ಶುದ್ಧವಾಗಲು ಮೊದಲನೆಯ ಸಲ ಸುಮಾರು 5 ವಾರಗಳು ಹಿಡಿದವು. ಇಷ್ಟಕ್ಕೇ ಬಿಟ್ಟಿದ್ದರೆ ಲೋಕಕ್ಕೆ ಯಾವ ಪ್ರಯೋಜನವೂ ಇರಲಿಲ್ಲ. ಅವರು ಮೇಲಿನ ತಿಳಿನೀರನ್ನು ಬಸಿದು ತೆಗೆದು, ತಳದಲ್ಲಿ ನಿಂತ ಕೆಸರನ್ನು ಹಾಗೆಯೇ ಉಳಿಸಿ, ಅದರ ಮೇಲೆ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿಯೂದಿದರು. ಎರಡನೆಯ ಸಲ ಕಾಲ ಕಡಿಮೆಯಾಯಿತು. ಪುನಃ ಪುನಃ ಹೀಗೆ ಮಾಡಲು ವಾರಗಳು ದಿನಗಳಾದವು. ಕೊನೆಗೆ ದಿನವು ಕೆಲವೇ ಗಂಟೆಗಳಿಗೆ ಇಳಿಯಿತು.

ನಮ್ಮ ತಾಯಂದಿರಿಗೆ ಇದು ಹೊಸ ವಿದ್ಯೆಯಲ್ಲ. ಹಾಲು ತಾನಾಗಿಯೇ ಒಡೆಯಲು ಬಿಟ್ಟರೆ ಅದು ಯಾವಾಗ ಏನಾಗುವುದೋ ಹೇಳಲಾಗದು. ನಿನ್ನೆಯ ಮೊಸರಿನಲ್ಲಿ ಒಂದು ಚಮಚೆಯನ್ನು ಉಳಿಸಿಕೊಂಡು ಇಂದಿನ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಗಟ್ಟಿ ಮೊಸರು ಸಿದ್ಧ. ಬಿಸಾಡಬೇಕಾದ ಹೊಲಸೆಂದು ಅದುವರೆಗೆ ಎಣಿಸಿದ್ದ ಕೆಸರೇ ಕೊಳಚೆ ನೀರಿಗೆ ಹೆಪ್ಪಾಯಿತು. ಅದರಲ್ಲಿ ಕೋಟ್ಯನುಕೋಟಿ ಜೀವಿಗಳು ನೆಲಸಿ, ಹೊಸದಾಗಿ ಬಂದ ಹೊಲಸನ್ನು ತಿನ್ನಲು ಹಸಿದು ಕಾದಿದ್ದವು. ಚೈತನ್ಯವನ್ನು ಪಡೆದ ಕೆಸರು ಎಂಬ ಅರ್ಥದಲ್ಲಿ ಅದಕ್ಕೆ ಆಕ್ಟಿವೇಟೆಡ್ ಸ್ಲಡ್ಜ್ ಎಂದು ಹೆಸರಿಟ್ಟರು. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ರಾಸಾಯನಿಕ ಉದ್ಯಮ ಸಂಘದ ಸಭೆಯಲ್ಲಿ ಆರ್ಡರ್ನ್ ಮತ್ತು ಲಾಕೆಟ್ ತಮ್ಮ ಪ್ರಬಂಧವನ್ನು ಓದಿದರು. ಇಂದು ಜಗತ್ತಿನ ಮಹಾನಗರಗಳಲ್ಲಿ ಬಹುಪಾಲು ಇದೇ ವಿಧಾನದಿಂದ ತಮ್ಮ ಕೊಳಚೆಯನ್ನು ಶುದ್ಧಿ ಮಾಡುತ್ತವೆ.

ಈ ಪ್ರಬಂಧದ ಮೇಲೆ ಫೌಲರ್ ಅವರ ಹೆಸರಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸೂಚನೆ ಅವರದು, ಕೈಯಾರೆ ದುಡಿದವರು ಆ ಇಬ್ಬರು. ಕೀರ್ತಿಯು ದುಡಿದವರಿಗೆ ಸಂದಿತು. ಅವರಾದರೂ ತಮಗೆ ದಾರಿಯನ್ನು ತೋರಿದವರನ್ನು ಪ್ರಬಂಧದಲ್ಲಿ ಕೃತಜ್ಞತೆಯಿಂದ ನೆನೆದರು. ಒಬ್ಬರು ಬರೆದ ಟಿಪ್ಪಣಿಯನ್ನು ಇನ್ನೊಬ್ಬರು ನಕಲು ಮಾಡಿ ತಮ್ಮದೆಂದು ತೋರಿಸುವುದನ್ನು ತರಗತಿಗಳಲ್ಲಿ ಆಗಾಗ ಕಾಣುವ ನಮಗೆ ಈ ಪ್ರಸಂಗವು ಬಹಳ ದೊಡ್ಡದೆಂದು ತೋರಿತು.

ಈಗ ನಮ್ಮ ನಾಡಿನ ಕಡೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಆ ಊರಿನ ಹಿರಿಯರು ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅದರ ಕನಸನ್ನು ಕಂಡವರು ನಮ್ಮ ಮುಂಬಯಿಯ ಉದ್ಯಮಿ ಜಮ್‌ಷೇಟ್‌ಜಿ ಟಾಟಾ ಅವರು. ಸುಮಾರು 370 ಎಕರೆ ಭೂಮಿಯನ್ನು ಕೊಟ್ಟವರು ಮೈಸೂರು ಅರಸರು. ಜಮ್‌ಷೇಟ್‌ಜಿಯವರು 1904ರಲ್ಲಿ ತೀರಿಕೊಂಡುದರಿಂದ 1909ರಲ್ಲಿ ಸಂಸ್ಥೆ ಸ್ಥಾಪಿತವಾದುದನ್ನು ಕಾಣಲಿಲ್ಲ. ಮುಂಬಯಿಯ ಧನ ಮತ್ತು ಕನ್ನಡ ನಾಡಿನ ನೆಲ ಕೂಡಿ ಬೆಳೆದ ಈ ವಿದ್ಯಾಲಯವನ್ನು ನೆನೆದಾಗ ಮುಂಬಯಿಯ ಕನ್ನಡಿಗರಾದ ನಮಗೆ ವಿಶೇಷವಾದ ಅಭಿಮಾನವುಂಟಾಗುತ್ತದೆ. ಆ ಸಂಸ್ಥೆಗೆ 1916ರಲ್ಲಿ ಫೌಲರ್ ಅವರು ಅನ್ವಿತ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಆಗ ಅವರಿಗೆ 48 ವರ್ಷ. ತಮ್ಮ ಸೂಚನೆಯಿಂದ ಹುಟ್ಟಿದ ವಿಧಾನವು ಇಂಗ್ಲೆಂಡಿನಲ್ಲಿ ಇನ್ನೂ ಬಾಲ್ಯದಲ್ಲಿದ್ದಾಗಲೇ ಅವರು ಅದನ್ನು ಬಿಟ್ಟು, ಸಮುದ್ರವನ್ನು ದಾಟಿ, ಅರಿಯದ ನಾಡಿಗೆ ಹೊರಟರು. ಊರನ್ನು ಬಿಟ್ಟು ಬಂದವರಿಗೆ ಆ ವಯಸ್ಸಿನಲ್ಲಿ ಹೊಸ ನೆಲದಲ್ಲಿ ಬೇರೂರುವುದರ ಕಷ್ಟವು ತಿಳಿದೇ ಇದೆ.

ಅದು ಒಂದನೆಯ ಮಹಾಯುದ್ಧದ ಕಾಲ. ಸ್ಫೋಟಕಗಳ ತಯಾರಿಕೆಗೆ ಅಸಿಟೋನ್ ಎಂಬ ದ್ರವ ಬೇಕಾಗಿದ್ದಿತು. ಫೌಲರ್ ಅವರೂ ಅವರ ಸಂಗಡಿಗರೂ ಹಿಪ್ಪೆಯ ಹೂವನ್ನು ಹುದುಗೆಬ್ಬಿಸಿ ಉಪಯುಕ್ತ ದ್ರವಗಳನ್ನು ಪಡೆಯುವ ಪ್ರಯೋಗಗಳನ್ನು ಮಾಡಿದರು. ಮೈಸೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ದಿನಗಳವು. ಗಂಧದೆಣ್ಣೆ, ಸಾಬೂನು ಮುಂತಾದ ಕೈಗಾರಿಕೆಗಳಿಗೆ ಅದೇ ಸಂಸ್ಥೆಯ ರಸಾಯನಜ್ಞರು ನೆರವಾಗುತ್ತಿದ್ದರು. 1921ರಲ್ಲಿ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ವಿಭಾಗವು ಮೊದಲಾಯಿತು. ಅದರ ಮೊದಲ ಮುಖ್ಯಸ್ಥರು ಫೌಲರ್ ಅವರೇ.

ಭಾರತವನ್ನು ನೋಡಿದ ಮೇಲೆ ಅವರ ಚಿಂತನೆಯ ದಿಕ್ಕು ಬದಲಾಯಿತೆಂದು ನಮಗೆ ತೋರುತ್ತದೆ. ಮ್ಯಾಂಚೆಸ್ಟರಿನಲ್ಲಿ ಪ್ರಶ್ನೆಯು ನದಿಯನ್ನು ಹೇಗೆ ಉಳಿಸುವುದೆಂಬುದಾಗಿದ್ದಿತು. ಇಲ್ಲಿಯ ಪ್ರಶ್ನೆಯು ಅದಕ್ಕಿಂತ ಆಳವಾದುದು. ಒಂದು ಕಡೆ ಸಾರಜನಕಕ್ಕಾಗಿ ಹಸಿದ ಹೊಲಗಳು. ರೈತನು ಸಗಣಿಯನ್ನು ಗೊಬ್ಬರ ಮಾಡುವ ಬದಲು ಬೆರಣಿ ತಟ್ಟಿ ಒಲೆಗೆ ಹಾಕಬೇಕಾದ ಬಡತನ. ಇನ್ನೊಂದು ಕಡೆ ಅದೇ ಸಾರಜನಕವನ್ನು ಹೊತ್ತು, ರೋಗವನ್ನು ಹರಡುತ್ತ, ಹಳ್ಳಕೊಳ್ಳಗಳಿಗೆ ಹರಿದುಹೋಗುವ ಪಟ್ಟಣದ ಹೊಲಸು. ಈ ಎರಡು ದುಃಖಗಳು ಒಂದೇ ದುಃಖದ ಎರಡು ಮುಖಗಳು. ಗಾಳಿಯೂದಿ ಪಡೆದ ಕೆಸರನ್ನು ಒಣಗಿಸಿದರೆ ಅದರಲ್ಲಿ ನೂರಕ್ಕೆ 5–6 ಪಾಲು ಸಾರಜನಕವಿರುತ್ತದೆ. ಅದು ಸಾಮಾನ್ಯ ತಿಪ್ಪೆಗೊಬ್ಬರಕ್ಕಿಂತ ಎಷ್ಟೋ ಪಾಲು ಮಿಗಿಲು. ಅಮೇರಿಕೆಯ ಮಿಲ್ವಾಕಿ ನಗರದವರು 1926ರಿಂದ ಇಂತಹ ಕೆಸರನ್ನು ಒಣಗಿಸಿ ಚೀಲಗಳಲ್ಲಿ ತುಂಬಿ ಗೊಬ್ಬರವೆಂದು ಮಾರತೊಡಗಿದರು.

ಬೆಂಗಳೂರಿನಲ್ಲಿ ಫೌಲರ್ ಅವರು ರೇಗೆ ಎಂಬ ತಮ್ಮ ಸಂಗಡಿಗರೊಡನೆ ಕಸಕಡ್ಡಿ, ಎಲೆ, ಹುಲ್ಲುಗಳ ರಾಶಿಗೆ ಇಂತಹ ಜೀವಂತ ಕೆಸರನ್ನು ಹೆಪ್ಪಾಗಿ ಬೆರೆಸಿ, ಬೇಗನೆ ಕಳಿತು ಒಳ್ಳೆಯ ಗೊಬ್ಬರವಾಗುವಂತೆ ಮಾಡುವ ಕ್ರಮವನ್ನು ರೂಢಿಸಿದರು. ಇಂದೂರಿನಲ್ಲಿ ಸರ್ ಆಲ್ಬರ್ಟ್ ಹವರ್ಡ್ ಅವರು 1931ರಲ್ಲಿ ತಮ್ಮ ಪ್ರಸಿದ್ಧವಾದ ಕಾಂಪೋಸ್ಟ್ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಬೆಂಗಳೂರಿನ ಈ ಕೆಲಸವನ್ನೂ ಪರಾಮರ್ಶಿಸಿದರು. 1939ರಲ್ಲಿ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಅದು ಇಂದಿಗೂ ಕೃಷಿ ಪುಸ್ತಕಗಳಲ್ಲಿ ಬೆಂಗಳೂರು ವಿಧಾನವೆಂಬ ಹೆಸರಿನಿಂದಲೇ ಪ್ರಸಿದ್ಧ. ಜಮ್‌ಷೇಡ್‌ಪುರದಂತಹ ಹೊಸ ಕೈಗಾರಿಕಾ ಪಟ್ಟಣದಲ್ಲಿಯೂ 1920ರ ದಶಕದಲ್ಲಿ ಗಾಳಿಯೂದುವ ವಿಧಾನವು ಕಾಲಿಟ್ಟಿತು.

ಸಂಸ್ಥೆಯ ಹುದ್ದೆಯಿಂದ 1920ರ ದಶಕದ ನಡುವೆ ಬಿಡುಗಡೆ ಹೊಂದಿದರೂ ಅವರ ಲೇಖನಿ ನಿಲ್ಲಲಿಲ್ಲ. ತಮ್ಮ 66ನೆಯ ವಯಸ್ಸಿನಲ್ಲಿ, 1934ರಲ್ಲಿ, ಸಾರಜನಕವನ್ನು ಕಾಪಾಡಿಕೊಳ್ಳುವ ಜೀವರಸಾಯನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಕಾಪಾಡಿಕೊಳ್ಳುವುದು ಎಂಬ ಮಾತೇ ಆ ಗ್ರಂಥದ ಹೆಸರಿನಲ್ಲಿ ಸೇರಿದೆ. ಹೊಲಸನ್ನು ನಾಶಮಾಡುವ ವಿದ್ಯೆಯಿಂದ ಹೊರಟ ಅವರು, ಸಂಪತ್ತನ್ನು ಉಳಿಸುವ ವಿದ್ಯೆಗೆ ಬಂದು ಮುಟ್ಟಿದ್ದರು. 1953ರಲ್ಲಿ, 85ರ ತುಂಬುವಯಸ್ಸಿನ ಸುಮಾರಿಗೆ, ಅವರು ಕೀರ್ತಿಶೇಷರಾದರು. ಸೂಕ್ಷ್ಮಜೀವಿಗಳ ಗುಟ್ಟನ್ನು ಬಿಡಿಸಿದ ವಿನೊಗ್ರಾಡ್‌ಸ್ಕಿ ಅವರು ತೀರಿಕೊಂಡುದೂ ಅದೇ ವರ್ಷ. ನಮ್ಮ ತುಂಗಭದ್ರಾ ಜಲಾಶಯವು ಪೂರ್ಣಗೊಂಡುದೂ ಅದೇ ವರ್ಷ.

ಈ ಕೊನೆಯ ಮಾತನ್ನು ನಾವು ಸುಮ್ಮನೆ ಸೇರಿಸಿಲ್ಲ. ಜಲಾಶಯವು ನಮ್ಮ ಸೀಮೆಗೆ ಅನ್ನವನ್ನು ಕೊಟ್ಟಿತು. ಬರಗಾಲದ ಎರೆಹೊಲಗಳು ಬತ್ತದ ಗದ್ದೆಗಳಾದವು. ಆದರೆ ನೀರಿನ ಹಿಂದೆಯೇ ಯೂರಿಯಾ ಚೀಲಗಳೂ ಬಂದವು. ಪೈರು ಹೀರಿಕೊಂಡು ಉಳಿದ ಸಾರಜನಕವು ಗದ್ದೆಯಿಂದ ಬಸಿದು, ಬಸಿಗಾಲುವೆಯನ್ನು ಸೇರಿ, ಹಳ್ಳಕ್ಕೆ ಇಳಿಯುತ್ತದೆ. ನಾವು ಬಾಲ್ಯದಲ್ಲಿ ತಳದ ಮರಳನ್ನು ಎಣಿಸುತ್ತ ಈಜಿದ ಹಳ್ಳವು ಇಂದು ಬೇಸಿಗೆಯಲ್ಲಿ ಹಸಿರು ಪಾಚಿಯ ಹೊದಿಕೆಯನ್ನು ಹೊದ್ದು ಮಲಗಿರುತ್ತದೆ. ರಜೆಯಲ್ಲಿ ಊರಿಗೆ ಹೋದಾಗ, ನಮ್ಮ ತಾಯಿಯು ಹಿಂದೆ ಕೊಡವನ್ನು ತುಂಬುತ್ತಿದ್ದ ಸೇದುವ ಬಾವಿಯ ನೀರನ್ನು ಎಳೆಯ ಮಕ್ಕಳಿಗೆ ಕುಡಿಸಬಾರದೆಂದು ನೆರೆಯವರು ಹೇಳಿದುದನ್ನು ಕೇಳಿದೆವು. ಕಣ್ಣಿಗೆ ಆ ನೀರು ಸ್ಫಟಿಕದಂತಿದ್ದಿತು. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ವಾಕೋಲಾ ನಾಲಾವಾದರೂ ವಾಸನೆಯಿಂದ ನಮ್ಮನ್ನು ಎಚ್ಚರಿಸುತ್ತದೆ. ಆ ಬಾವಿಗೆ ಅಷ್ಟೂ ದಾಕ್ಷಿಣ್ಯವಿಲ್ಲ.

ಲೀಟರು ನೀರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂಬುದು ನಮ್ಮ ದೇಶದ ಮಾನದಂಡ. ಮಿತಿಮೀರಿದಾಗ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ರೋಗವನ್ನು ಅಮೇರಿಕೆಯ ಅಯೋವಾ ಪ್ರಾಂತದ ವೈದ್ಯ ಕಾಮ್ಲಿ ಅವರು 1945ರಲ್ಲಿ ವರ್ಣಿಸಿದರು. ಕೇಂದ್ರ ಅಂತರ್ಜಲ ಮಂಡಳಿಯು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಅರ್ಧಕ್ಕೆ ಸಮೀಪ ಈ ಮಿತಿಯನ್ನು ಮೀರಿದ್ದವು. ಗೊಬ್ಬರವೊಂದೇ ಇದಕ್ಕೆ ಕಾರಣವಲ್ಲ. ಶೌಚಗುಂಡಿಗಳ ಮತ್ತು ದನದ ಕೊಟ್ಟಿಗೆಗಳ ಬಸಿನೀರೂ ಸೇರಿದೆ.

ಇದಕ್ಕೆ ಪರಿಹಾರವೇನು? ಇಲ್ಲಿಯೇ ನಾವು ಹಿಂದೆ ಹೇಳಿದ ಎರಡನೆಯ ತಂಡದ ಸೂಕ್ಷ್ಮಜೀವಿಗಳು ನೆರವಿಗೆ ಬರುತ್ತವೆ. ಅಮೇರಿಕ, ಕೆನಡ, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ 1990ರ ದಶಕದಿಂದೀಚೆಗೆ ಒಂದು ಸರಳವಾದ ಉಪಾಯವು ರೂಢಿಗೆ ಬಂದಿದೆ. ಹೊಲದ ಬಸಿನೀರು ಹೊರಬೀಳುವ ಜಾಗದಲ್ಲಿ ಉದ್ದನೆಯ ಗುಂಡಿಯನ್ನು ತೋಡಿ, ಅದನ್ನು ಮರದ ಚಕ್ಕೆಗಳಿಂದ ತುಂಬಿ, ಮೇಲೆ ಮಣ್ಣನ್ನು ಮುಚ್ಚುತ್ತಾರೆ. ನೀರು ಚಕ್ಕೆಗಳ ನಡುವೆ ನಿಧಾನವಾಗಿ ಹಾಯುವಂತೆ ಕಟ್ಟೆಯಿಂದ ತಡೆಯುತ್ತಾರೆ. ಗಾಳಿಯಾಡದ ಆ ಕತ್ತಲಲ್ಲಿ ಸೂಕ್ಷ್ಮಜೀವಿಗಳು ತಾವಾಗಿಯೇ ನೆಲಸುತ್ತವೆ. ಮರದ ಇಂಗಾಲ ಅವುಗಳಿಗೆ ಊಟ, ನೈಟ್ರೇಟಿನ ಆಮ್ಲಜನಕ ಅವುಗಳಿಗೆ ಉಸಿರು. ಸಾರಜನಕವು ಅನಿಲವಾಗಿ ಆಕಾಶವನ್ನು ಸೇರುತ್ತದೆ. ಒಮ್ಮೆ ತುಂಬಿದ ಚಕ್ಕೆ ಸುಮಾರು 10–15 ವರ್ಷ ಬಾಳುತ್ತದೆ. ಚಳಿಯಲ್ಲಿ ಈ ಜೀವಿಗಳು ಮಂದವಾಗುತ್ತವೆ. ನಮ್ಮ ನಾಡಿನ ಬಿಸಿಲು ಅವುಗಳಿಗೆ ಅನುಕೂಲವೇ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ನೀರು ಅವಸರದಿಂದ ಹಾಯ್ದು ಕೆಲಸ ಅರ್ಧಕ್ಕೆ ನಿಂತರೆ ನೈಟ್ರಸ್ ಆಕ್ಸೈಡ್ ಎಂಬ ಅನಿಲವು ಹೊರಟು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ.

ನಗರದ ಸ್ಥಾವರಗಳಲ್ಲಿಯೂ ಇದೇ ತತ್ತ್ವವಿದೆ. ಫೌಲರ್ ಅವರ ಕಾಲದ ವಿಧಾನವು ಅಮೋನಿಯವನ್ನು ನೈಟ್ರೇಟಾಗಿಸಿ ನಿಲ್ಲುತ್ತಿದ್ದಿತು. ಅದೇ ಕೆಸರನ್ನು ಗಾಳಿಯಿಲ್ಲದ ತೊಟ್ಟಿಯಲ್ಲಿಯೂ ಹಾಯಿಸಿ ನೈಟ್ರೇಟನ್ನು ಕಳೆಯುವ ಕ್ರಮವು 1960ರ ದಶಕದಿಂದ ಬೆಳೆದುಬಂದಿತು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸ್ಥಾವರದಿಂದ ಹೊರಬಂದ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಜೊಂಡಿನ ಬುಡದ ಕೆಸರಿನಲ್ಲಿ ಇವೇ ಜೀವಿಗಳು ದುಡಿಯುತ್ತವೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಬರಪೀಡಿತವಾದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಕೆರೆಗಳು ತುಂಬಿದವೆಂದು ಕೆಲವರು ಹರ್ಷಿಸಿದರೆ, ಶುದ್ಧೀಕರಣವು ಇನ್ನೂ ಒಂದು ಹಂತ ಮುಂದೆ ಹೋಗಬೇಕೆಂದು ಕೆಲವರು ಒತ್ತಾಯಿಸುತ್ತಾರೆ. ಫೌಲರ್ ಅವರು ಬೆಂಗಳೂರಿನಲ್ಲಿ ಎತ್ತಿದ ಪ್ರಶ್ನೆಯು ಬೆಂಗಳೂರಿನಲ್ಲಿಯೇ ಇನ್ನೂ ಜೀವಂತವಾಗಿದೆ.

ಈ ವಿಷಯವನ್ನು ಓದುವಾಗ ನಮಗೆ ಒಂದು ಚಮತ್ಕಾರ ಕಂಡಿತು. ನೈಟ್ರೇಟನ್ನು ಗಾಳಿಗೆ ತೂರುವ ಈ ಜೀವಿಯೇ ನೀರು ನಿಂತ ಬತ್ತದ ಗದ್ದೆಯ ಕೆಸರಿನಲ್ಲಿಯೂ ಇದೆ. ಅಲ್ಲಿ ಅದು ರೈತನು ದುಡ್ಡು ಕೊಟ್ಟು ತಂದ ಗೊಬ್ಬರವನ್ನು ಹಾರಿಸಿಬಿಡುತ್ತದೆ. ಗದ್ದೆಯಲ್ಲಿ ಅದು ಕಳ್ಳ. ಬಸಿಗಾಲುವೆಯಲ್ಲಿ ಅದೇ ಕಾವಲುಗಾರ. ಜೀವಿಯಲ್ಲಿ ದೋಷವಿಲ್ಲ, ಸಾರಜನಕದಲ್ಲಿಯೂ ದೋಷವಿಲ್ಲ. ಯಾವುದು ಎಲ್ಲಿರಬೇಕೆಂಬ ವಿವೇಕ ನಮ್ಮದು. ಫೌಲರ್ ಅವರ ಜೀವನವನ್ನು ಓದಿದ ಮೇಲೆ ಆ ವಿವೇಕದ ಕ್ರಮವೂ ನಮಗೆ ಸ್ಪಷ್ಟವಾಯಿತು. ಬೇಕಾದಷ್ಟೇ ಗೊಬ್ಬರವನ್ನು ಹಾಕಿ ಪೋಲಾಗದಂತೆ ನೋಡಿಕೊಳ್ಳುವುದು ಮೊದಲನೆಯದು. ಹೊಲಸಾಗಿ ಹರಿಯುವುದನ್ನು ಮಣ್ಣಿಗೆ ಮರಳಿಸುವುದು ಎರಡನೆಯದು. ಇವೆರಡನ್ನೂ ತಪ್ಪಿಸಿಕೊಂಡು ನೀರಿಗೆ ಇಳಿದುದನ್ನು ಸೂಕ್ಷ್ಮಜೀವಿಗಳ ಕೈಯಿಂದ ಆಕಾಶಕ್ಕೆ ಕಳುಹಿಸುವುದು ಕೊನೆಯದು. ಮೊದಲೆರಡನ್ನು ಬಿಟ್ಟು ಮೂರನೆಯದನ್ನೇ ನೆಚ್ಚಿದರೆ, ತೂತಿನ ಚೀಲಕ್ಕೆ ಕಾಳು ತುಂಬಿ ಕೆಳಗೆ ಗುಡಿಸುತ್ತ ಕುಳಿತಂತಾಗುತ್ತದೆ.

ಎಂಟನೆಯ ತರಗತಿಯ ಆ ಬಾಲಕನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಅವನಿಗೆ ಕೊಡಬೇಕಾದ ಉತ್ತರವನ್ನು ಎರಡು ವರ್ಷ ತಡವಾಗಿ ಇಲ್ಲಿ ಕೊಡುತ್ತಿದ್ದೇವೆ. ಕೆಟ್ಟ ನೀರು ಒಳ್ಳೆಯದಾಗಬಲ್ಲುದು. ಅದನ್ನು ಒಳ್ಳೆಯದಾಗಿಸುವ ಜೀವಿಗಳು ಆ ನೀರಿನಲ್ಲಿಯೇ ಇವೆ. ಅವುಗಳಿಗೆ ಗಾಳಿ ಬೇಕಾದಲ್ಲಿ ಗಾಳಿಯನ್ನೂ, ಬೇಡವಾದಲ್ಲಿ ಕತ್ತಲೆಯನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಕಾಲಾವಕಾಶವನ್ನೂ ಕೊಡುವ ಮನುಷ್ಯರು ಬೇಕು. ಮೂಗು ಮುಚ್ಚಿಕೊಂಡು ದಾಟುವವರಿಂದ ಆ ಕೆಲಸವಾಗದು. ಅದನ್ನು ನಾವು ನಮಗೇ ಹೇಳಿಕೊಂಡ ಮೇಲೆ ನಿಮಗೆ ಹೇಳುತ್ತಿದ್ದೇವೆ. ವಿದ್ಯಾರ್ಥಿ ಮಿತ್ರರೇ, ನಾಳೆ ನಾಲಾದ ಸೇತುವೆಯನ್ನು ದಾಟುವಾಗ ಒಂದು ಕ್ಷಣ ನಿಂತು ಕೆಳಗೆ ನೋಡಿರಿ. ಅಲ್ಲಿ ಹರಿಯುತ್ತಿರುವುದು ಯಾರದೋ ಹೊಲದ ಅನ್ನ. ಅದನ್ನು ಮತ್ತೆ ಹೊಲಕ್ಕೆ ಮುಟ್ಟಿಸುವ ವಿದ್ಯೆಯನ್ನು ನಿಮ್ಮಲ್ಲಿ ಒಬ್ಬರಾದರೂ ಕಲಿತರೆ, ಫೌಲರ್ ಅವರು ಕಡಲನ್ನು ದಾಟಿ ನಮ್ಮ ನಾಡಿಗೆ ಬಂದುದು ಸಾರ್ಥಕವಾದೀತು.